485 ಹಾಕಾಯ್ತು, ಇಎಡಿ ಬಂತು, ಇನ್ನು ಎಚ್‌-1ಬಿ ಬಿಟ್ಬಿಡ್ಲಾ?

ಕನ್ನಡ ಕೂಟದ ಊಟದ ಕ್ಯೂನಲ್ಲಿ ಕೇಳ್ತಾರೆ, ವಾಟ್ಸಾಪಲ್ಲಿ ಕೇಳ್ತಾರೆ, ಮಕ್ಕಳನ್ನ ಈಜು ಕ್ಲಾಸಿಗೆ ಬಿಟ್ಟು ಕೂತಿದ್ರೆ ಪಕ್ಕದ ಕುರ್ಚಿಗೆ ಬಂದು ಕೇಳ್ತಾರೆ. ಪ್ರಶ್ನೆ ಒಂದೇ. ಅಮೆರಿಕದ ಗ್ರೀನ್ ಕಾರ್ಡಿಗೆ ಕೊನೇ ಅರ್ಜಿ ಅಂದ್ರೆ ಐ-485 ಹಾಕಿ ಆಗಿದೆ, ಅದಿನ್ನೂ ಪೆಂಡಿಂಗ್ ಇದೆ, ಆ ಅರ್ಜಿ ಆಧಾರದ ಮೇಲೆ ಕೆಲಸ ಮಾಡೋಕೆ ಇಎಡಿ ಕಾರ್ಡು, ಊರಿಗೆ ಹೋಗಿ ಬರೋಕೆ ಅಡ್ವಾನ್ಸ್ ಪರೋಲ್ ಅಂದ್ರೆ ಎಪಿ ಎರಡೂ ಬಂದಿದೆ, ಇನ್ಯಾಕೆ ಕಂಪನಿ ಕೊಡಿಸಿದ ಈ ಎಚ್‌-1ಬಿ ಕೆಲಸದ ವೀಸಾ ಗೋಳು, ಬಿಟ್ಬಿಡ್ಲಾ?

ನಾನು ಲಾಯರ್ ಅಲ್ಲ, ನಿಮ್ಮ ಕೇಸಿಗೆ ನಿಮ್ಮ ಲಾಯರನ್ನೇ ಕೇಳ್ಬೇಕು. ಆದ್ರೆ ನನ್ನ ಉತ್ತರ ಏನು ಅಂತ ಕೇಳಿದ್ರೆ, ಗ್ರೀನ್ ಕಾರ್ಡ್ ಸಿಗೋ ತನಕ ಎಚ್‌-1ಬಿ ಬಿಡ್ಬೇಡಿ. ಇಎಡಿ, ಎಪಿ ಎರಡನ್ನೂ ತಗೊಂಡು ಇಟ್ಕೊಳ್ಳಿ, ಎಪಿ ಬೇಕಾದಾಗ ಬಳಸಿ, ಇಎಡಿನ ಮಾತ್ರ ಕೆಲಸ ಹೋದಾಗ ಅಥವಾ ಎಚ್‌-1ಬಿ ಕೊಡೋಕೇ ಆಗದಂಥ ಕೆಲಸ ನಿಮಗೆ ಬೇಕೇ ಬೇಕು ಅಂದಾಗ ಹೊರಗೆ ತೆಗೀರಿ. ಎರಡು ಮೂರು ವರ್ಷದ ಹಿಂದೆ ಕೇಳಿದ್ರೆ ಇಷ್ಟು ಖಡಾಖಂಡಿತವಾಗಿ ಹೇಳ್ತಿರ್ಲಿಲ್ಲ, 2025ರಲ್ಲಿ ನಿಯಮಗಳು ಹಿಂಗೆ ಬದಲಾದ್ಮೇಲೆ ಹೇಳ್ತಿದ್ದೀನಿ.

ಮೊದ್ಲು 485 ಅಂದ್ರೆ ಏನು ಅನ್ನೋದು ಸರಿಯಾಗಿ ಗೊತ್ತಿರ್ಬೇಕು. ಅದು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ, ಸೀಟಿನ್ನೂ ನಿಮ್ದಾಗಿಲ್ಲ. ಅರ್ಜಿ ಪೆಂಡಿಂಗ್ ಇರೋವರೆಗೂ ನೀವಿಲ್ಲಿ ಇರಬಹುದು, ಯಾರೂ ಓಡಿಸಲ್ಲ, ಆದ್ರೆ ಅದು ಎಚ್‌-1ಬಿ ತರ ಸ್ವಂತ ಕಾಲ ಮೇಲೆ ನಿಂತ ಸ್ಟೇಟಸ್ ಅಲ್ಲ, ಪೂರ್ತಿ ಆ ಒಂದು ಅರ್ಜಿಗೆ ಜೋತುಬಿದ್ದಿರೋದು. ಅರ್ಜಿ ರಿಜೆಕ್ಟ್ ಆಯ್ತು ಅಂದ್ರೆ ಎಚ್‌-1ಬಿಲಿ ಇರೋನು ಬೇಜಾರು ಮಾಡ್ಕೊಂಡು ಮಾರನೇ ದಿನ ಆಫೀಸಿಗೆ ಹೋಗ್ತಾನೆ, ಇಎಡಿ ಮೇಲಿರೋನಿಗೆ ಅವತ್ತಿಂದಲೇ ಕೆಲಸ ಮಾಡೋ ಹಕ್ಕಿಲ್ಲ, ಇಲ್ಲಿರೋ ಹಕ್ಕೂ ಇಲ್ಲ. ಇಮಿಗ್ರೇಷನ್ ಇಲಾಖೆಯ 2025ರ ಫೆಬ್ರವರಿ 28ರ ಮೆಮೋ ಪ್ರಕಾರ ಅಂಥೋರಿಗೆ ಇಮಿಗ್ರೇಷನ್ ಕೋರ್ಟಿಗೆ ಬನ್ನಿ ಅನ್ನೋ ನೋಟಿಸ್ ಕೂಡ ಬರಬಹುದು.

"ರಿಜೆಕ್ಟ್ ಯಾಕಾಗುತ್ತೆ, ನಂದೆಲ್ಲ ಕ್ಲೀನ್ ಇದೆ" ಅಂತಾರೆ. ಇರಬಹುದು, ಆದ್ರೆ ನಿಮ್ಮ ಪರವಾಗಿ ಐ-140 ಅನ್ನೋ ಗ್ರೀನ್ ಕಾರ್ಡ್ ಪಿಟಿಷನ್ ಹಾಕಿದ ಹಳೇ ಕನ್ಸಲ್ಟಿಂಗ್ ಕಂಪನಿ ಕ್ಲೀನ್ ಇದ್ಯಾ, ಹತ್ತು ಹನ್ನೆರಡು ವರ್ಷದ ಹಿಂದೆ ಪ್ರಾಜೆಕ್ಟ್ ಇಲ್ಲದೇ ಬೆಂಚಲ್ಲಿ ಕೂತಿದ್ದ ತಿಂಗಳುಗಳ ಪೇ ಸ್ಲಿಪ್ ಇದ್ಯಾ, ಮನೆ ಬದಲಾಯಿಸಿದಾಗ ಅಡ್ರೆಸ್ ಅಪ್‌ಡೇಟ್ ಮಾಡಿದ್ರಾ, ಇಲ್ಲಾಂದ್ರೆ ಇಲಾಖೆಯವರು ಕಳಿಸಿದ ಪ್ರಶ್ನೆ ಕಾಗದ ಬೇರೆ ಯಾರದೋ ಮನೆ ಪೋಸ್ಟ್ ಡಬ್ಬಿಲಿ ಬಿದ್ದಿರುತ್ತೆ. ಇನ್ನೊಂದು ವಿಷಯ ಯಾರೂ ಯೋಚ್ನೆ ಮಾಡಲ್ಲ. ರಿಜೆಕ್ಟ್ ಆದ ಟೈಮಲ್ಲಿ ನಿಮ್ಮ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಕ್ಯೂಗೆ ನೀವು ಸೇರಿದ ತಾರೀಖು) ಕರೆಂಟ್ ಇಲ್ಲದಿದ್ರೆ, ಅಂದ್ರೆ ನಿಮ್ಮ ಸರದಿ ಬಂದಿಲ್ಲದಿದ್ರೆ, ಹೊಸ 485 ಹಾಕೋಕೂ ಆಗಲ್ಲ, ಮತ್ತೆ ಕರೆಂಟ್ ಆಗೋವರೆಗೂ ಕಾಯ್ಬೇಕು. ಎಚ್‌-1ಬಿ ಇದ್ರೆ ಇಲ್ಲೇ ಕೂತು ಕಾಯ್ತೀರಿ, ಇಲ್ದಿದ್ರೆ ದಾವಣಗೆರೆಲಿ ಕೂತು ಕಾಯ್ತೀರಿ.

ಇಂಡಿಯಾದವರಿಗೆ ಈ ಡೇಟ್ ಹೆಂಗೆ ಆಟ ಆಡ್ಸುತ್ತೆ ಅನ್ನೋದಕ್ಕೆ 2020ರ ಅಕ್ಟೋಬರ್ ನೆನಪು ಮಾಡ್ಕೊಳ್ಳಿ. ಯಾರ ಸರದಿ ಬಂತು ಅಂತ ಸರ್ಕಾರ ಹೊರಡಿಸೋ ಆ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಕೆಲಸದ ಗ್ರೀನ್ ಕಾರ್ಡಿನ ಮೂರನೇ ವರ್ಗ ಅಂದ್ರೆ ಇಬಿ-3 ಫೈಲಿಂಗ್ ಡೇಟ್ (485 ಹಾಕೋಕೆ ಬಿಡೋ ಡೇಟ್) ಒಂದೇ ಸಲ 2015ರ ಜನವರಿ 1ಕ್ಕೆ ಹಾರಿತು, ಎರಡನೇ ವರ್ಗ ಇಬಿ-2 2011ರಲ್ಲೇ ಇತ್ತು, ಎಲ್ಲರೂ ಇಬಿ-3ಗೆ ಡೌನ್‌ಗ್ರೇಡ್ ಮಾಡಿಸ್ಕೊಂಡು ಮೆಡಿಕಲ್ ಎಗ್ಸಾಂಗೆ ಡಾಕ್ಟರ್ ಹುಡುಕಿದ್ದೇ ಹುಡುಕಿದ್ದು. ಆಮೇಲೆ 2022ರಲ್ಲಿ ಇಬಿ-2 ಫೈನಲ್ ಆ್ಯಕ್ಷನ್ ಡೇಟ್ (ಕಾರ್ಡೇ ಕೊಡೋ ಡೇಟ್) 2014ರ ಡಿಸೆಂಬರ್‌ವರೆಗೂ ಬಂತು, ಸುಮಾರು ಜನ ದಡ ಸೇರಿದ್ರು, ಉಳಿದವರು ನೋಡ್ತಿದ್ದಂಗೇ ಅದೇ ವರ್ಷ ಡಿಸೆಂಬರ್‌ನಲ್ಲಿ 2011ರ ಅಕ್ಟೋಬರ್‌ಗೆ ವಾಪಸ್ ಹೋಯ್ತು. 2023ರ ಜುಲೈನಲ್ಲಿ ಇಬಿ-3 2009ಕ್ಕೇ ಬಿತ್ತು. 2025ರ ಕೊನೆಗೆ ಎರಡೂ 2013ರ ಆಸುಪಾಸಲ್ಲಿದ್ವು. ಅಂದ್ರೆ 2020ರಲ್ಲಿ "ಇನ್ನೇನು ಆರು ತಿಂಗಳು" ಅಂತ 485 ಹಾಕಿದ 2014ರ ಡೇಟಿನ ಎಷ್ಟೋ ಜನ ಐದು ವರ್ಷ ಆದ್ರೂ ಟವೆಲ್ ಹಾಕ್ಕೊಂಡೇ ನಿಂತಿದ್ರು. ಪೆಂಡಿಂಗ್ ಅನ್ನೋದು ಒಂದು ವರ್ಷದ ಮಾತಾಗಿದ್ರೆ ಈ ಲೇಖನನೇ ಬೇಕಿರ್ಲಿಲ್ಲ.

ಇಲ್ಲಿ ಹಿರಿಯರು ಒಬ್ರು ಯಾವಾಗ್ಲೂ ಜಗಳಕ್ಕೆ ಬರ್ತಾರೆ. "ನಾವೆಲ್ಲ 2007ರಲ್ಲಿ ಫೈಲ್ ಮಾಡಿ ಇಎಡಿ ಮೇಲೇ ವರ್ಷಗಟ್ಟಲೆ ಇದ್ವಲ್ಲ, ಏನಾಯ್ತು ನಮಗೆ?" 2007ರ ಜುಲೈ ಕಥೆ ಗೊತ್ತಿಲ್ಲದವರಿಗೆ: ಎಲ್ಲರ ಡೇಟೂ ಕರೆಂಟ್ ಅಂತ ಹೇಳಿ, ಜುಲೈ 2ಕ್ಕೆ ಇಲ್ಲ ಅಂದು, ಜನ ಇಮಿಗ್ರೇಷನ್ ಇಲಾಖೆ ಅಂದ್ರೆ ಯುಎಸ್‌ಸಿಐಎಸ್ ಡೈರೆಕ್ಟರ್‌ಗೆ ಗಾಂಧಿಗಿರಿ ಅಂತ ರಾಶಿರಾಶಿ ಹೂವು ಕಳಿಸಿ, ಆ ಹೂವನ್ನ ಅವರು ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಕಳಿಸಿ, ಕೊನೆಗೆ ಜುಲೈ 17ಕ್ಕೆ ಮಣಿದು ಆಗಸ್ಟ್ 17ರವರೆಗೆ ಅರ್ಜಿ ತಗೊಂಡ್ರು. ಆ ಬ್ಯಾಚಿನವರು ಇಎಡಿ ಮೇಲೆ ಆರಾಮಾಗಿದ್ದಿದ್ದು ನಿಜ. ಆದ್ರೆ ಆಗ 90 ದಿನದೊಳಗೆ ಇಎಡಿ ಅರ್ಜಿ ಇತ್ಯರ್ಥ ಮಾಡ್ಬೇಕು ಅನ್ನೋ ನಿಯಮ ಇತ್ತು. 2017ರಲ್ಲಿ ಅದನ್ನ ತೆಗೆದು, ಬದಲಿಗೆ ರಿನ್ಯೂವಲ್ ಹಾಕಿದ್ರೆ 180 ದಿನ ತಾನಾಗೇ ಮುಂದುವರಿಯೋ ಸೌಲಭ್ಯ ಕೊಟ್ರು, ಆಮೇಲೆ ಅದನ್ನ 540 ದಿನ ಮಾಡಿದ್ರು. 2025ರ ಅಕ್ಟೋಬರ್ 30ರಿಂದ ಹಾಕೋ ರಿನ್ಯೂವಲ್‌ಗಳಿಗೆ ಅದೂ ಇಲ್ಲ. 90 ದಿನದ ನಿಯಮನೂ ಹೋಯ್ತು, ಅದರ ಬದಲು ಕೊಟ್ಟಿದ್ದೂ ಹೋಯ್ತು. ಇದರ ಜೊತೆಗೆ 2023ರಲ್ಲಿ ಐದು ವರ್ಷಕ್ಕೆ ಕೊಡೋಕೆ ಶುರು ಮಾಡಿದ್ದ ಕಾರ್ಡನ್ನ 2025ರ ಡಿಸೆಂಬರ್ 5ರಿಂದ ಹೆಚ್ಚೆಂದ್ರೆ 18 ತಿಂಗಳಿಗೆ ಇಳಿಸಿದ್ದಾರೆ.

ಅಂದ್ರೆ ಲೆಕ್ಕ ಹಾಕಿ. ಕಾರ್ಡು 18 ತಿಂಗಳು, ರಿನ್ಯೂವಲ್ ಹಾಕೋಕಾಗೋದು ಮುಗಿಯೋ 180 ದಿನ ಮುಂಚೆ, ಹೊಸ ಕಾರ್ಡು ಅಷ್ಟರೊಳಗೆ ಕೈಗೆ ಬರುತ್ತೆ ಅಂತ ಯಾರೂ ಬರೆದುಕೊಡಲ್ಲ, ಬರದಿದ್ರೆ ಹಳೇ ಕಾರ್ಡ್ ಮುಗಿದ ಮಾರನೇ ದಿನದಿಂದ ಎಚ್‌ಆರ್ ನಿಮ್ಮನ್ನ ಕೆಲಸಕ್ಕೆ ಕೂರಿಸೋ ಹಾಗಿಲ್ಲ, ಸಂಬಳ ಬಂದ್, ಎಷ್ಟೋ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸೂ ಆ ಕಾರ್ಡಿನ ತಾರೀಖಿಗೇ ಕಟ್ಟಿರೋದ್ರಿಂದ ಅದೂ ಹೋಯ್ತು. ಎಚ್‌-1ಬಿಲಿ ಅದೇ ಕಂಪನಿ ಟೈಮಿಗೆ ಸರಿಯಾಗಿ ಎಕ್ಸ್‌ಟೆನ್ಷನ್ ಹಾಕಿದ್ರೆ ಉತ್ತರ ಬರೋವರೆಗೆ 240 ದಿನ ಕೆಲಸ ಮಾಡ್ತಾ ಇರಬಹುದು, ತಡೆಯೋಕಾಗಲ್ಲ ಅಂದ್ರೆ ಪ್ರೀಮಿಯಂ ದುಡ್ಡು ಕಟ್ಟಿದ್ರೆ 15 ವರ್ಕಿಂಗ್ ಡೇನಲ್ಲಿ ಉತ್ತರ ಬರುತ್ತೆ. 140 ಅಪ್ರೂವ್ ಆಗಿ ಡೇಟ್ ಬಂದಿಲ್ಲ ಅಂದ್ರೆ ಎಚ್‌-1ಬಿಯ ಆರು ವರ್ಷದ ಮಿತಿ ದಾಟಿದ್ರೂ ಮೂರು ಮೂರು ವರ್ಷ ಸಿಗ್ತಾ ಹೋಗುತ್ತೆ. ಬೋರಿಂಗ್, ಆದ್ರೆ ರಾತ್ರಿ ನಿದ್ದೆ ಬರುತ್ತೆ.

"ಆಯ್ತು, ಈಗ ಇಎಡಿಗೆ ಹೋಗ್ತೀನಿ, ತೊಂದ್ರೆ ಆದ್ರೆ ವಾಪಸ್ ಎಚ್‌-1ಬಿಗೆ ಬರ್ತೀನಿ" ಅನ್ನೋದು ಮುಂಚೆ ಓಕೆ ಇತ್ತು. ಎಚ್‌-1ಬಿ ಹಂಚೋ ಲಾಟರಿಲಿ ಒಂದ್ಸಲ ಬಂದಿದ್ರೆ ಮತ್ತೆ ಲಾಟರಿ ಬೇಡ, ಕಂಪನಿ ಪಿಟಿಷನ್ ಹಾಕಿದ್ರೆ ದೇಶದ ಹೊರಗೆ ಹೋಗಿ ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪ್ ಹಾಕಿಸ್ಕೊಂಡು ಬಂದ್ರೆ ಆಯ್ತು. ಈಗ 2025ರ ಸೆಪ್ಟೆಂಬರ್ 21ರಿಂದ ಹೊಸ ಪಿಟಿಷನ್‌ಗಳಿಗೆ 1,00,000 ಡಾಲರ್ ಕಟ್ಟಬೇಕು ಅನ್ನೋ ಆದೇಶ ಬಂದಿದ್ಯಲ್ಲ, ಅದು ಮೊದ್ಲು 12 ತಿಂಗಳಿಗೆ ಅಂತ ಹೊರಡಿಸಿದ್ದು. ಅದಕ್ಕೆ ಅಕ್ಟೋಬರ್ 20ಕ್ಕೆ ಕೊಟ್ಟ ವಿವರಣೆ ಪ್ರಕಾರ ಇಲ್ಲೇ ಇದ್ದು ಎಕ್ಸ್‌ಟೆನ್ಷನ್ನೋ ಚೇಂಜ್ ಆಫ್ ಸ್ಟೇಟಸ್ಸೋ ಮಾಡಿಸ್ಕೊಳ್ಳೋರಿಗೆ ಆ ದುಡ್ಡಿಲ್ಲ, ಆದ್ರೆ ವೀಸಾ ಸ್ಟೇಟಸ್ ಇಲ್ಲ ಅನ್ನೋ ಕಾರಣಕ್ಕೆ ಅದು ಸಿಗದವರಿಗೆ ಇದೆ. ಇಎಡಿ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಎಚ್‌-1ಬಿ ಮುಗಿದುಹೋದವರು ಬಂದು ಬೀಳೋದು ಇದೇ ಗುಂಡಿಗೆ. ಸುಮಾರು 90 ಲಕ್ಷ ರೂಪಾಯಿ ನಿಮಗೋಸ್ಕರ ಯಾವ ಮ್ಯಾನೇಜರ್ ಕಟ್ಟಿಸ್ತಾನೆ ಹೇಳಿ. ನನ್ನ ಮನಸ್ಸು ಗಟ್ಟಿಯಾಗಿದ್ದೇ ಈ ಒಂದು ಕಾರಣಕ್ಕೆ.

ಹಂಗಂತ ಎಪಿ ಬಗ್ಗೆ ನಂಗೆ ಯಾವ ತಕರಾರೂ ಇಲ್ಲ, ಅದು ಒಳ್ಳೇದೇ. ಸ್ಟಾಂಪಿಂಗ್ ಈಗ ಹೆಂಗಾಗಿದೆ ಅಂದ್ರೆ ಇಂಟರ್ವ್ಯೂ ಇಲ್ಲದೇ ಮುಗಿಯೋ ಡ್ರಾಪ್‌ಬಾಕ್ಸ್ 2025ರ ಸೆಪ್ಟೆಂಬರ್‌ಗೇ ಹೋಯ್ತು, ಮೆಕ್ಸಿಕೋ ಕೆನಡಾಗೆ ಹೋಗಿ ಹಾಕಿಸ್ಕೊಂಡು ಬರೋ ದಾರಿನೂ ಮುಚ್ಚಿದೆ, ಬೆಂಗಳೂರಲ್ಲಿ ಕಾನ್ಸುಲೇಟ್ ಅಂತ 2025ರ ಜನವರಿಲಿ ಉದ್ಘಾಟನೆ ಏನೋ ಆಯ್ತು, ಆದ್ರೆ ವೀಸಾ ಇಂಟರ್ವ್ಯೂಗೆ ಚೆನ್ನೈಗೋ ಹೈದರಾಬಾದಿಗೋ ಓಡೋದು ತಪ್ಪಲಿಲ್ಲ, ಡಿಸೆಂಬರ್ 15ರಿಂದ ಸೋಷಿಯಲ್ ಮೀಡಿಯಾ ನೋಡ್ತೀವಿ ಅಂತ ಎಷ್ಟೋ ಜನರ ಅಪಾಯಿಂಟ್‌ಮೆಂಟನ್ನ ತಿಂಗಳುಗಟ್ಟಲೆ ಮುಂದಕ್ಕೆ ಹಾಕಿ, ಜನ ಹಾಸನದಲ್ಲಿ ಅತ್ತೆ ಮನೇಲಿ ಕೂತು ಇಲ್ಲಿನ ಟೈಮಿಗೆ ರಾತ್ರಿಯೆಲ್ಲ ಲ್ಯಾಪ್‌ಟಾಪ್ ಕುಟ್ಟೋ ಹಾಗಾಯ್ತು. ಎಪಿ ಇದ್ರೆ ಈ ಯಾವ ತಲೆನೋವೂ ಇಲ್ಲ, ಸ್ಟಾಂಪ್ ಬೇಕಾಗಲ್ಲ, ಏರ್‌ಪೋರ್ಟಲ್ಲಿ ಸೆಕೆಂಡರಿ ಅಂದ್ರೆ ಎರಡನೇ ತಪಾಸಣೆಗೆ ಕೂರಿಸಿ ಒಂಚೂರು ಕಾಯಿಸ್ತಾರೆ ಅಷ್ಟೇ.

ಇಲ್ಲೇ ಜನ ಹೆದರೋದು, "ಎಪಿ ಮೇಲೆ ಒಳಗೆ ಬಂದ್ರೆ ಎಚ್‌-1ಬಿ ಸತ್ತೋಯ್ತಂತೆ" ಅಂತ. ಅರ್ಧ ನಿಜ. ಒಳಗೆ ಬರೋವಾಗ ನೀವು ಪರೋಲಿ ಆಗಿ ಬರ್ತೀರಿ, ಆದ್ರೆ 2000ನೇ ಇಸವಿಯ ಒಂದು ಹಳೇ ಮೆಮೋ ಪ್ರಕಾರ ಎಚ್‌-1ಬಿ ಪಿಟಿಷನ್ ಇನ್ನೂ ಚಾಲ್ತಿಲಿದ್ದು ಅದೇ ಕಂಪನಿಗೆ ವಾಪಸ್ ಹೋದ್ರೆ ಇಎಡಿ ಮುಟ್ಟದೇ ಕೆಲಸ ಮುಂದುವರಿಸಬಹುದು, ಮುಂದಿನ ಎಕ್ಸ್‌ಟೆನ್ಷನ್ ಅಪ್ರೂವ್ ಆದಾಗ ಮತ್ತೆ ಎಚ್‌-1ಬಿ ಸ್ಟೇಟಸ್ಸಿಗೆ ಬಂದಂಗೆ. ಆದ್ರಿಂದ ಎಪಿ ಬಳಸೋದೂ ಇಎಡಿ ಬಳಸೋದೂ ಒಂದೇ ಅಲ್ಲ. ಪಾಸ್‌ಪೋರ್ಟಲ್ಲಿ ಎಚ್‌-1ಬಿ ಸ್ಟಾಂಪ್ ಇದ್ರೆ ಅದರ ಮೇಲೇ ಬನ್ನಿ, 485ಗೆ ಏನೂ ಆಗಲ್ಲ. ಇಲ್ಲದಿದ್ರೆ ಎಪಿ.

ಎಚ್‌-1ಬಿ ನಿಜವಾಗಿ ಕೈ ಬಿಟ್ಟು ಹೋಗೋ ಜಾಗ ಏರ್‌ಪೋರ್ಟ್ ಅಲ್ಲ, ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ತುಂಬೋ, ಕೆಲಸ ಮಾಡೋ ಹಕ್ಕಿದೆ ಅಂತ ತೋರಿಸೋ ಐ-9 ಫಾರ್ಮು. ಹೊಸ ಕಂಪನಿ ಎಚ್‌ಆರ್ "ನಿಮ್ಹತ್ರ ಇಎಡಿ ಇದ್ಯಲ್ಲ, ಅದನ್ನೇ ಕೊಡಿ, ಟ್ರಾನ್ಸ್‌ಫರ್ ಎಲ್ಲ ಯಾಕೆ" ಅಂತಾರೆ, ಅವರಿಗೆ ಲಾಯರ್ ಫೀಸ್ ಉಳೀತು, ನಿಮಗೂ ಬೇಗ ಸೇರ್ಕೊಳ್ಳೋ ಆತುರ, ಕಾರ್ಡ್ ಕೊಟ್ರಿ, ಮುಗೀತು. ಆಫರ್ ಮಾತಾಡೋವಾಗಲೇ ಎಚ್‌-1ಬಿ ಟ್ರಾನ್ಸ್‌ಫರ್ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ, ಸಂಬಳದ ಜೊತೆಗೆ ಅದನ್ನೂ ಚೌಕಾಸಿ ಮಾಡಿ. ಸೈಡಲ್ಲಿ ವೀಕೆಂಡ್ ಇಎಡಿ ಮೇಲೆ ಏನೋ ಸಣ್ಣ ಕೆಲಸ ಮಾಡ್ತೀನಿ, ಮೇನ್ ಕೆಲಸ ಎಚ್‌-1ಬಿಲೇ ಇರುತ್ತೆ ಅನ್ನೋರಿಗೂ ಇದೇ ಮಾತು, ಅದು ಎರಡು ದೋಣಿಲಿ ಕಾಲಿಡೋ ಕೆಲಸ, ಲಾಯರ್ ಕೇಳದೇ ಮಾಡ್ಬೇಡಿ.

ಮನೆಯವರ ವಿಷಯ ಸ್ವಲ್ಪ ಬೇರೆ. ನೀವು ಎಚ್‌-1ಬಿ ಬಿಟ್ರೆ ಹೆಂಡತಿಯೋ ಗಂಡನೋ ಮಕ್ಕಳೋ, ನಿಮ್ಮ ಎಚ್‌-1ಬಿ ಮೇಲೆ ನಿಂತಿರೋ ಅವರ ಎಚ್‌-4 ಸ್ಟೇಟಸ್ ಕೂಡ ಜೊತೆಗೇ ಹೋಗುತ್ತೆ. ನೀವು ಗಟ್ಟಿಯಾಗಿ ಎಚ್‌-1ಬಿಲೇ ನಿಂತಿದ್ರೆ ಅವರು 485ರ ಇಎಡಿ ಮೇಲೆ ಕೆಲಸ ಮಾಡೋದ್ರಲ್ಲಿ ನಂಗೆ ಅಷ್ಟು ಭಯ ಕಾಣಲ್ಲ, ಏನಾದ್ರೂ ಆದ್ರೆ ಹೊರಗೆ ಹೋಗಿ ಎಚ್‌-4 ವೀಸಾ ಮೇಲೆ ವಾಪಸ್ ಬರೋ ಬಾಗಿಲು ತೆರೆದಿರುತ್ತೆ. ಒಬ್ಬರು ದಡದಲ್ಲಿರಿ, ಅಷ್ಟೇ.

ಮಕ್ಕಳು ಹದಿನೆಂಟು ಹತ್ತೊಂಬತ್ತರ ಹತ್ರ ಇದ್ರೆ ಮಾತ್ರ ಕಿವಿಗೊಟ್ಟು ಕೇಳಿ. 21 ದಾಟಿದ್ರೆ ನಿಮ್ಮ ಅರ್ಜಿಯಿಂದ ಹೊರಗೆ ಬೀಳ್ತಾರೆ, ವಯಸ್ಸು ಲೆಕ್ಕ ಹಾಕೋಕೆ ಒಂದು ಸೂತ್ರ ಇದೆ, 2023ರ ಫೆಬ್ರವರಿಯಿಂದ ಆ ಲೆಕ್ಕನ ಫೈಲಿಂಗ್ ಡೇಟ್ ಚಾರ್ಟ್ ನೋಡಿ ಮಾಡ್ತಿದ್ರು, 2025ರ ಆಗಸ್ಟ್ 15ರಿಂದ ಹಾಕಿದ ಅರ್ಜಿಗಳಿಗೆ ಫೈನಲ್ ಆ್ಯಕ್ಷನ್ ಚಾರ್ಟ್ ನೋಡ್ತಾರೆ, ಅಂದ್ರೆ 485 ಹಾಕಿದ ಮಾತ್ರಕ್ಕೆ ಮಗುವಿನ ವಯಸ್ಸು ಲಾಕ್ ಆಯ್ತು ಅಂತಿಲ್ಲ. ಮಗಳು ಎಚ್‌-4ಲಿ ಇದ್ರೆ ಇಲ್ಲೇ ಕೂತು ಸ್ಟೂಡೆಂಟ್ ಸ್ಟೇಟಸ್ ಎಫ್-1ಗೆ ಬದಲಾಯಿಸ್ಕೊಳ್ಳೋಕೆ ದಾರಿ ಇರುತ್ತೆ, ಬರೀ ಪೆಂಡಿಂಗ್ ಅರ್ಜಿ ಮೇಲಿದ್ರೆ ಅದು ಕಷ್ಟ. ನಮ್ಮ ಪರಿಚಯದ ಒಬ್ಬ ತಾಯಿ ಒಳ್ಳೇ ಸ್ಟಾರ್ಟಪ್ ಆಫರ್ ಬಿಟ್ಟು ಹಳೇ ಕಂಪನಿಲೇ ಎಚ್‌-1ಬಿ ಹಿಡ್ಕೊಂಡು ಕೂತಿದ್ದು ಇದೊಂದಕ್ಕೇ, ನಂಗೆ ಸರಿ ಅನ್ಸಿತು.

ಹಂಗಾದ್ರೆ ಇಎಡಿ ಯಾರಿಗೆ? ಲೇಆಫ್ ಆದವರಿಗೆ, ಎರಡನೇ ಯೋಚ್ನೆನೇ ಬೇಡ. ಬರೀ ಎಚ್‌-1ಬಿ ಇದ್ದೋರಿಗೆ 60 ದಿನ ಅಷ್ಟೇ ಟೈಮು, 485 ಪೆಂಡಿಂಗ್ ಇದ್ದೋರು ಆ ಗಡಿಬಿಡಿ ಇಲ್ಲದೇ ಕೆಲಸ ಹುಡುಕಬಹುದು, ಅರ್ಜಿ 180 ದಿನ ದಾಟಿದ್ರೆ ಅದೇ ತರದ ಬೇರೆ ಕೆಲಸಕ್ಕೆ ಗ್ರೀನ್ ಕಾರ್ಡ್ ಪ್ರಾಸೆಸ್ಸನ್ನೇ ಎತ್ಕೊಂಡು ಹೋಗಬಹುದು. ಸಿಕ್ಕ ಕೆಲಸ ಮೊದ್ಲು ಇಎಡಿ ಮೇಲೆ ಸೇರಿ, ಎಚ್‌-1ಬಿ ಆಗುತ್ತಾ ಅಂತ ಅರವತ್ತು ದಿನ ಮುಗಿಯೋದ್ರೊಳಗೇ ಲಾಯರ್ ಹತ್ರ ಮಾತಾಡಿ. ಸ್ವಂತ ಕಂಪನಿ ಮಾಡ್ಬೇಕು ಅಂತ ಹತ್ತು ವರ್ಷದಿಂದ ಒದ್ದಾಡ್ತಿರೋರಿಗೂ ನಾನು ಬೇಡ ಅನ್ನಲ್ಲ, ಡೇಟ್ ಹತ್ರ ಇದ್ದು, ಮನೇಲಿ ಇನ್ನೊಂದು ಸಂಬಳ ಇದ್ದು, ವಾಪಸ್ ಹೋದ್ರೂ ಪರವಾಗಿಲ್ಲ ಅನ್ನೋ ಮನಸ್ಸಿದ್ರೆ ಹೋಗಿ.

ಇಷ್ಟೆಲ್ಲ ಕೇಳಿ ಕೆಲವರು "ಹಂಗಾದ್ರೆ ಇಎಡಿಗೆ ಅರ್ಜಿನೇ ಹಾಕಲ್ಲ ಬಿಡಿ" ಅಂತಾರೆ, ಅದು ಇನ್ನೊಂದು ಅತಿ. ಕಾರ್ಡು ಕೈಲಿದ್ರೆ ಎಚ್‌-1ಬಿಗೆ ಏನೂ ಆಗಲ್ಲ, ಅದರ ಮೇಲೆ ಕೆಲಸ ಮಾಡಿದ್ರೆ ಮಾತ್ರ. 2024ರ ಏಪ್ರಿಲ್‌ನಿಂದ ಇಎಡಿಗೆ 260, ಎಪಿಗೆ 630 ಡಾಲರ್ ಬೇರೆ ಬೇರೆ ಕಟ್ಟಬೇಕು, ನಾಲ್ಕು ಜನದ ಮನೆಗೆ ಅದು ಸಣ್ಣ ದುಡ್ಡಲ್ಲ ಗೊತ್ತು. ಎರಡರಲ್ಲಿ ಒಂದೇ ಆಗೋದು ಅಂದ್ರೆ ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರೋರು ಎಪಿ ಮೊದ್ಲು ಹಾಕಿ, ಅದು ತಿಂಗಳುಗಟ್ಟಲೆ ತಗೊಳುತ್ತೆ, ಶಿವಮೊಗ್ಗದಿಂದ ಫೋನ್ ಬಂದ ದಿನ ಅರ್ಜಿ ಹಾಕ್ತೀನಿ ಅಂದ್ರೆ ಆಗಲ್ಲ.