ಅಜ್ಜಿಗೆ ಓದಿ ಹೇಳಿದ ಉತ್ತರ ಪತ್ರಿಕೆ

ನಮ್ಮ ಶಾಲೆಯಲ್ಲಿ ಬೆಳಗ್ಗೆ ಮೊದಲ ಪೀರಿಯಡ್ಡಿಗೆ ತರಗತಿ ಎರಡಾಗುತ್ತಿತ್ತು. ಉಳಿದವರು ನೀತಿಪಾಠಕ್ಕೆ ಅಲ್ಲೇ ಕೂರುತ್ತಿದ್ದರು, ಕಥೋಲಿಕ ಮಕ್ಕಳು ಜ್ಞಾನೋಪದೇಶಕ್ಕೆ, ಅಂದರೆ ನಮ್ಮ ಧರ್ಮದ ಪಾಠಕ್ಕೆ ಅಂತ ಮೂಲೆಯ ಕೋಣೆಗೆ ಹೋಗುತ್ತಿದ್ದೆವು. 1998ರಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಏಳು ಸಂಸ್ಕಾರಗಳ, ಅಂದರೆ ನಮ್ಮ ಧರ್ಮದ ಏಳು ಪವಿತ್ರ ವಿಧಿಗಳ ಮೇಲೆ ಸಿಸ್ಟರ್ ಒಂದು ಪರೀಕ್ಷೆ ಇಟ್ಟರು.

ಏಳರ ಹೆಸರು ಬರೆಯಿರಿ ಅಂತ ಅವರು ಕೇಳಲೇ ಇಲ್ಲ. ಸ್ನಾನದೀಕ್ಷೆ (ನೀರು ಹಾಕಿ ಕ್ರೈಸ್ತರಾಗಿಸುವುದು), ದೃಢೀಕರಣ (ಆ ದೀಕ್ಷೆಯನ್ನು ಗಟ್ಟಿಮಾಡುವುದು), ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ (ಎಣ್ಣೆ ಹಚ್ಚಿ ಪ್ರಾರ್ಥಿಸುವುದು), ಗುರುದೀಕ್ಷೆ (ಫಾದರ್ ಆಗುವುದು), ಮದುವೆ ಅಂತ ನಾವು ನಿದ್ದೆಯಲ್ಲೂ ಹೇಳುತ್ತಿದ್ದೆವು. ಅವರು ಕೇಳಿದ್ದು, ಮದುವೆ ಸಂಸ್ಕಾರವನ್ನು ಕೊಡುವವರು ಯಾರು? ಎಲ್ಲರೂ ‘ಫಾದರ್’ ಅಂತ ಬರೆದಿದ್ದೆವು. ಅಲ್ಲ, ಗಂಡು ಹೆಣ್ಣೇ ಒಬ್ಬರಿಗೊಬ್ಬರು ಕೊಡುತ್ತಾರೆ, ಗುರುಗಳು, ಅಂದರೆ ಫಾದರ್, ಧರ್ಮಸಭೆಯ (ಚರ್ಚಿನ) ಪರವಾಗಿ ಸಾಕ್ಷಿ ನಿಲ್ಲುತ್ತಾರೆ. ಜೀವನದಲ್ಲಿ ಒಮ್ಮೆ ಮಾತ್ರ ಪಡೆಯುವ ಸಂಸ್ಕಾರ ಯಾವುವು? ಸ್ನಾನದೀಕ್ಷೆ, ದೃಢೀಕರಣ, ಗುರುದೀಕ್ಷೆ, ಈ ಮೂರೇ. ಮದುವೆಯನ್ನೂ ಸೇರಿಸಿದವರಿಗೆ ಸಿಸ್ಟರ್, ‘ಗಂಡ ತೀರಿಕೊಂಡವಳು ಇನ್ನೊಂದು ಮದುವೆ ಆಗಬಹುದು ಅಲ್ವಾ?’ ಅಂದರು. ಮಗು ಸಾಯುವ ಸ್ಥಿತಿಯಲ್ಲಿದ್ದು ಗುರುಗಳು ಸಿಗದಿದ್ದರೆ ಸ್ನಾನದೀಕ್ಷೆ ಯಾರು ಕೊಡಬಹುದು? ಯಾರು ಬೇಕಾದರೂ, ಕ್ರೈಸ್ತರಲ್ಲದವರೂ ಕೊಡಬಹುದು, ನೀರಿರಬೇಕು, ಹೇಳುವ ಮಾತು ಸರಿಯಿರಬೇಕು, ಧರ್ಮಸಭೆ ಮಾಡುವುದನ್ನೇ ಮಾಡುತ್ತೇನೆ ಅನ್ನುವ ಮನಸ್ಸಿರಬೇಕು. ‘ನಾನು ನಿನಗೆ ಸ್ನಾನದೀಕ್ಷೆ ಕೊಡುತ್ತೇನೆ’ ಅನ್ನುವ ಆ ಮಾತಿನಲ್ಲಿ ‘ನಾನು’ ಬದಲು ‘ನಾವು’ ಅಂತ ಬರೆದವಳಿಗೆ ಅರ್ಧ ಅಂಕ ಹೋಯಿತು. 2020ರಲ್ಲಿ ವ್ಯಾಟಿಕನ್ ‘ನಾವು’ ಅಂತ ಹೇಳಿ ಕೊಟ್ಟ ಸ್ನಾನದೀಕ್ಷೆ ಸಿಂಧುವಲ್ಲ ಅಂತ ಹೇಳಿದಾಗ ನನಗೆ ಆ ಅರ್ಧ ಅಂಕವೇ ನೆನಪಾಯಿತು. ಜ್ಞಾನೋಪದೇಶ ಅಂದರೆ ಬರೀ ಬಾಯಿಪಾಠ ಅನ್ನುವವರಿಗೆ ಆ ಪ್ರಶ್ನೆಪತ್ರಿಕೆ ತೋರಿಸಬೇಕು.

ರೋಗಿಗಳ ಅಭ್ಯಂಗ ಯಾವಾಗ ಕೊಡುತ್ತಾರೆ? ನಾನು ‘ಸಾಯುವಾಗ’ ಅಂತ ಬರೆದಿದ್ದೆ. ಕೆಂಪು ಇಂಕಿನಲ್ಲಿ ಸೊನ್ನೆ. ನಮ್ಮ ಅಜ್ಜಿ ಹಾಗೇ ಹೇಳ್ತಾರೆ ಸಿಸ್ಟರ್ ಅಂತ ವಾದ ಮಾಡಿದೆ. ಅವರು ಪಕ್ಕದಲ್ಲಿ ಕೂರಿಸಿಕೊಂಡು ಬೈಬಲ್ಲಿನ ಯಕೋಬನ ಪತ್ರದ ಐದನೇ ಅಧ್ಯಾಯ ತೆಗೆದರು. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತಿದೆ. ‘ಸಾಯುವವನು ಅಂತ ಎಲ್ಲಿದೆ, ತೋರಿಸು’ ಅಂದರು. ಇದು ಕೊನೆಯುಸಿರಿನವರಿಗೆ ಮಾತ್ರ ಅಲ್ಲ ಅಂತ ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ದೊಡ್ಡ ಆಪರೇಷನ್ನಿಗೆ ಮುಂಚೆ ಪಡೆಯಬಹುದು, ವಯಸ್ಸಾಗಿ ನಿತ್ರಾಣ ಆದವರು ಪಡೆಯಬಹುದು, ಕಾಯಿಲೆ ಜಾಸ್ತಿಯಾದರೆ ಮತ್ತೆ ಪಡೆಯಬಹುದು. ಇಷ್ಟನ್ನೂ ಸೊನ್ನೆಯ ಪಕ್ಕದಲ್ಲೇ ಬರೆದುಕೊಟ್ಟರು.

ಅದೇ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಬೇಕಿತ್ತು. ಫಾದರನ್ನು ಕರೆಸೋಣ ಅಂತ ಹೇಳಲು ಮನೆಯಲ್ಲಿ ಯಾರಿಗೂ ಧೈರ್ಯ ಇರಲಿಲ್ಲ, ಯಾಕೆಂದರೆ ಫಾದರ್ ಎಣ್ಣೆ ತಂದರೆ ತಾನು ಹೋದ ಹಾಗೇ ಅಂತ ಅಜ್ಜಿ ನಂಬಿದ್ದರು. ನಾನು ಉತ್ತರ ಪತ್ರಿಕೆ ತೆಗೆದುಕೊಂಡು ಹೋಗಿ ಸಿಸ್ಟರ್ ಬರೆದಿದ್ದನ್ನು ಓದಿ ಹೇಳಿದೆ. ಇನ್ನೊಂದ್ಸಲ ಓದು ಅಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ಸರಿ, ಸ್ವಾಮಿಗಳನ್ನು ಕರೀರಿ’ ಅಂದರು.

ಫಾದರ್ ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿ ತಂದಿದ್ದರು, ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಅಜ್ಜಿ ತಮ್ಮ ಅಪ್ಪನಿಗೆ ಹಳೇ ಕ್ರಮದಲ್ಲಿ ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲಿಗೆಲ್ಲ ಹಚ್ಚಿದ್ದನ್ನು ನೋಡಿದ್ದವರು. ಅದಕ್ಕೇ ಕಣ್ಣು ಮುಚ್ಚಿಕೊಂಡರು, ಆಮೇಲೆ ಕತ್ತು ಹೊರಳಿಸಿ ಕಿವಿ ಕೊಟ್ಟರು. 1972ರಲ್ಲೇ ಕ್ರಮ ಬದಲಾಗಿ ಹಣೆ ಮತ್ತು ಕೈಗೆ ಮಾತ್ರ ಹಚ್ಚುವುದಾಗಿದೆ. ಫಾದರ್ ಹಣೆಗೆ ಹಚ್ಚಿ, ‘ಕೈ ಕೊಡಿ ಅಮ್ಮ’ ಅಂದರು. ಬಿರುಕು ಬಿಟ್ಟ ಅಂಗೈ. ಎಣ್ಣೆ ಗೆರೆಗಳಲ್ಲಿ ಇಳಿದು ನಿಂತಿತು. ಅಜ್ಜಿ ಅದನ್ನು ಒರೆಸಲು ಬಿಡಲಿಲ್ಲ.

ಕೋಲು ಹಿಡಿದು ಇನ್ನೂ ಆರು ವರ್ಷ ಭಾನುವಾರದ ಪೂಜೆಗೆ ನಡೆದರು. 2004ರಲ್ಲಿ ಹೃದಯದ ತೊಂದರೆ ಬಂದಾಗ ಫಾದರನ್ನು ಕರೆಸಿ ಅಂತ ಅವರೇ ಹೇಳಿದರು. ಡಬ್ಬಿಯ ಮುಚ್ಚಳ ತಿರುಗಿಸುವ ಮೊದಲೇ ಎರಡೂ ಅಂಗೈಗಳನ್ನು ಮುಂದೆ ಚಾಚಿದ್ದರು.