ಕ್ಯೂ ಆರ್ ಎಸ್: ನಮ್ಮ ಲ್ಯಾಬ್ ಸರ್

ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಪರಸ್ಪರ ಸಂದೇಶ ಕಳಿಸುವ ಹ್ಯಾಮ್ ರೇಡಿಯೋದವರು ಯಾರಾದರೂ ತೀರಿಕೊಂಡರೆ ನಾವು ‘ಸೈಲೆಂಟ್ ಕೀ’ ಆದರು ಅನ್ನುತ್ತೇವೆ. ಕೀ ಅಂದರೆ ಚುಕ್ಕೆ-ಗೆರೆಗಳ ಸಂಕೇತವಾದ ಮೋರ್ಸ್‌ನಲ್ಲಿ ಸಂದೇಶ ಕಳಿಸುವ ಪುಟ್ಟ ಹಿತ್ತಾಳೆಯ ಸಾಧನ. ಅದು ಸುಮ್ಮನಾಯಿತು ಅಂದರೆ ಅದನ್ನು ಒತ್ತುತ್ತಿದ್ದ ಕೈ ಇನ್ನಿಲ್ಲ ಎಂದೇ ಅರ್ಥ. ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದ, ನಾವೆಲ್ಲ ‘ಲ್ಯಾಬ್ ಸರ್’ ಎಂದೇ ಕರೆಯುತ್ತಿದ್ದ ಹಿರಿಯರು ಸೈಲೆಂಟ್ ಕೀ ಆದ ಸುದ್ದಿಯನ್ನು ನನಗೆ ಮುಟ್ಟಿಸಿದ್ದು, ಅವರ ಮುಖವನ್ನು ಒಮ್ಮೆಯೂ ನೋಡಿರದ ಒಬ್ಬ ಹ್ಯಾಮ್. ಎಷ್ಟೋ ವರ್ಷಗಳ ಸ್ನೇಹ ಅವರದು, ಆದರೆ ಪೂರಾ ಕಿವಿಯ ಸ್ನೇಹ. “ನಿಮ್ಮ ಲ್ಯಾಬ್ ಸರ್ ಹೋದರಂತೆ” ಅಂದವರಿಗೆ ಆಮೇಲೆ ಮಾತು ಹೊರಡಲಿಲ್ಲ. ನನಗೂ ಅಷ್ಟೆ.

ಈ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಅವರ ಹೆಸರು ಹುಡುಕಿದರೆ ಸಿಗಲಾರದು. ಅವರು ತರಗತಿಗೆ ಬಂದು ಪಾಠ ಮಾಡಿದವರಲ್ಲ, ವೇದಿಕೆ ಹತ್ತಿದವರಲ್ಲ. ನಮಗೆ ಬೇಕಾದ ಮಸೂರ, ತಂತಿ, ಮೀಟರುಗಳನ್ನು ಕಪಾಟಿನಿಂದ ತೆಗೆದುಕೊಡುತ್ತಿದ್ದರು, ಸಂಜೆ ಎಣಿಸಿ ಒಳಗಿಡುತ್ತಿದ್ದರು. ಅದಕ್ಕೇ ಈ ನಾಲ್ಕು ಮಾತು ಇಲ್ಲಿ ಅಚ್ಚಾಗಲಿ ಎಂಬ ಆಸೆ ನನ್ನದು.

ಕ್ಲಾಸುಗಳೆಲ್ಲ ಮುಗಿದ ಮೇಲೆ ಲ್ಯಾಬಿನ ಮೂಲೆಯ ಮೇಜೊಂದು ಜೀವ ತಳೆಯುತ್ತಿತ್ತು. ಒಂದು ರಿಸೀವರ್, ಒಂದು ಟ್ರಾನ್ಸ್‌ಮಿಟರ್, ಎರಡು ಗಡಿಯಾರ. ಒಂದರಲ್ಲಿ ನಮ್ಮ ಸಮಯ, ಇನ್ನೊಂದರಲ್ಲಿ ಇಡೀ ಜಗತ್ತಿನ ಹ್ಯಾಮ್‌ಗಳು ಲಾಗ್‌ಬುಕ್ಕಿನಲ್ಲಿ ಬರೆಯುವ ಯುಟಿಸಿ ಸಮಯ. ಮೊದಲ ಸಲ ಹೋದಾಗ ನಾನು ಕೇಳಿದ್ದು, “ಸರ್, ನಾನು ಯಾವಾಗ ಮಾತಾಡಬಹುದು?” ಅವರು ಹೆಡ್‌ಫೋನ್ ತೆಗೆದು ನನ್ನ ತಲೆಗಿಟ್ಟರು. “ಮೊದಲು ಕೇಳಿಸ್ಕೊಳ್ಳೋದು ಕಲಿ. ಮಾತಾಡೋಕೆ ಲೈಸೆನ್ಸ್ ಬೇಕು, ಕೇಳೋಕೆ ತಾಳ್ಮೆ ಸಾಕು.” ಲೈಸೆನ್ಸ್ ಪರೀಕ್ಷೆ ಪಾಸಾಗುವವರೆಗೂ ಅವರು ನಮ್ಮಲ್ಲಿ ಒಬ್ಬರಿಗೂ ಕೀ ಮುಟ್ಟಲು ಬಿಡಲಿಲ್ಲ.

ಮೋರ್ಸ್ ಕಲಿಸಲು ಅವರು ಚುಕ್ಕೆ-ಗೆರೆಗಳ ಪಟ್ಟಿಯನ್ನು ಕೊಡುತ್ತಲೇ ಇರಲಿಲ್ಲ. ಕಣ್ಣಿನಿಂದ ಕಲಿತವನು ಕೊನೆಯವರೆಗೂ ಮನಸ್ಸಿನಲ್ಲಿ ಚುಕ್ಕೆ ಎಣಿಸುತ್ತಾ ಕೂರುತ್ತಾನೆ, ವೇಗ ಬರುವುದಿಲ್ಲ ಅನ್ನುತ್ತಿದ್ದರು. ಅವರದು ಛಂದಸ್ಸಿನ ದಾರಿ. “ಹೈಸ್ಕೂಲಿನಲ್ಲಿ ಲಘು ಗುರು ಹಾಕಿದ್ದೀಯಲ್ಲ, ಅದೇ ಇದು. ಅಲ್ಲಿ ಗುರುವಿಗೆ ಎರಡು ಮಾತ್ರೆ, ಇಲ್ಲಿ ಮೂರು, ಅಷ್ಟೇ ವ್ಯತ್ಯಾಸ.” ಹಾಗಾಗಿ ‘ಎ’ ಅಂದರೆ ಲಘು-ಗುರು, ‘ಸಿ’ ಅಂದರೆ ಗುರು-ಲಘು-ಗುರು-ಲಘು, ‘ಕ್ಯೂ’ ಅಂದರೆ ಗುರು-ಗುರು-ಲಘು-ಗುರು. ಲಘುವಿಗೆ ಡಿಟ್ ಅಥವಾ ಡಿ, ಗುರುವಿಗೆ ಡಾ; ಬೆಂಚಿನ ಮೇಲೆ ಪೆನ್ಸಿಲ್ಲಿನಿಂದ ತಟ್ಟುತ್ತಾ ಬಾಯಲ್ಲಿ ‘ಡಾಡಿಡಾಡಿ, ಡಾಡಾಡಿಡಾ’ ಅನ್ನುತ್ತಿದ್ದರು. ‘ಯಾರಾದರೂ ಇದ್ದೀರಾ’ ಎಂದು ಆಕಾಶಕ್ಕೆ ಕೂಗುವ ‘ಸಿ ಕ್ಯೂ’ ನನ್ನ ಕಿವಿಯಲ್ಲಿ ಇವತ್ತಿಗೂ ಅವರ ಗಂಟಲಿನಲ್ಲೇ ಕೇಳುತ್ತದೆ. ಸದ್ದಿಗಿಂತ ಹೆಚ್ಚಾಗಿ ಅವರು ತಿದ್ದುತ್ತಿದ್ದದ್ದು ಸದ್ದಿನ ನಡುವಿನ ಬಿಡುವನ್ನು. ಅಕ್ಷರ ಅಕ್ಷರದ ನಡುವೆ ಮೂರು ಮಾತ್ರೆ, ಪದ ಪದದ ನಡುವೆ ಏಳು. ಆ ಬಿಡುವು ಕೆಟ್ಟರೆ ಎಷ್ಟೇ ಚೆನ್ನಾಗಿ ಒತ್ತಿದರೂ ಅದು ಬರೀ ಗದ್ದಲ.

ಅವರ ಕೀ ಬಗ್ಗೆ ಹೇಳಲೇಬೇಕು. ಕಪ್ಪು ಗುಂಡಿಯ ಅಂಚು ಒಂದು ಕಡೆ, ಅವರ ನಡುಬೆರಳು ಕೂರುವ ಜಾಗದಲ್ಲಿ, ಸವೆದು ಹೊಳೆಯುತ್ತಿತ್ತು. ದಿನಾ ಕೂರುವ ಮೊದಲು ಎರಡು ಸಂಪರ್ಕ ಬಿಂದುಗಳ ನಡುವೆ ಒಂದು ಚೂರು ಕಾಗದ ತೂರಿಸಿ, ಕೀಯನ್ನು ಮೆಲ್ಲಗೆ ಒತ್ತಿ ಹಿಡಿದು ಕಾಗದವನ್ನು ಎಳೆಯುತ್ತಿದ್ದರು. ಕಾಗದದ ಮೇಲೆ ಕರಿಯ ಗೀಟು ಮೂಡುತ್ತಿತ್ತು. ಗೀಟು ಮೂಡುವುದು ನಿಲ್ಲುವವರೆಗೂ ಎಳೆದು, ಆಮೇಲೆ ಅಂತರ ಹೊಂದಿಸುತ್ತಿದ್ದರು. ಬೆರಳುಗಳು ಗುಂಡಿಯನ್ನು ಬಿಡುತ್ತಲೇ ಇರಲಿಲ್ಲ, ಆಡುತ್ತಿದ್ದದ್ದು ಮಣಿಕಟ್ಟು ಮಾತ್ರ. ಎಲೆಕ್ಟ್ರಾನಿಕ್ ಕೀಯರ್ ಬಳಸಿದರೆ ಎಲ್ಲರ ಮೋರ್ಸೂ ಅಚ್ಚಿನ ಅಕ್ಷರದಂತೆ ಒಂದೇ ಥರ. ಕೈಯಲ್ಲಿ ಒತ್ತುವವರದು ಹಾಗಲ್ಲ, ಒಬ್ಬೊಬ್ಬರದು ಒಂದೊಂದು ಬರವಣಿಗೆ. ಸರ್ ‘73’ ಕಳಿಸುವಾಗ ಕೊನೆಯ ಡಾ ಕೂದಲೆಳೆಯಷ್ಟು ಉದ್ದ. 73 ಅಂದರೆ ಶುಭಾಶಯ, ತಂತಿ ಕಚೇರಿಗಳ ಕಾಲದಿಂದ ಬಂದದ್ದು. ಕಾಲ್ ಸೈನ್, ಅಂದರೆ ಪ್ರತಿ ಹ್ಯಾಮ್‌ನ ಗುರುತಿನ ಸಂಕೇತ, ತಪ್ಪಿಹೋದರೂ ಆ ಎಳೆದ ಡಾ ಕೇಳಿದರೆ ಸಾಕು, ಅವರೇ ಎಂದು ಗೊತ್ತಾಗುತ್ತಿತ್ತು.

7 ಮೆಗಾಹರ್ಟ್ಸ್, ಅಂದರೆ 40 ಮೀಟರ್ ಬ್ಯಾಂಡ್ ಅವರ ಮನೆಯಂಗಳ. ಹಗಲಲ್ಲಿ ವಾತಾವರಣದ ಮೇಲ್ಭಾಗವಾದ ಅಯಾನುಗೋಳದ ಕೆಳಗಿನ ಡಿ ಪದರ ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ಹತ್ತಿರದವರಷ್ಟೇ ಕೇಳುತ್ತಾರೆ. ಸೂರ್ಯ ಮುಳುಗುತ್ತಲೇ ಆ ಪದರ ಕರಗುತ್ತದೆ, ಅಲೆಗಳು ಮೇಲಿನ ಎಫ್ ಪದರಕ್ಕೆ ತಾಗಿ ಬಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಪುಸ್ತಕದಲ್ಲಿ ಇದು ಎರಡು ಸಾಲು. ಸರ್ ಪಕ್ಕ ಕೂತು ಕೇಳಿದ ನನಗೆ ಅದು ಬಾಗಿಲು ತೆರೆದಂತೆ: ಬರೀ ಸರಸರ ಇದ್ದ ಕಡೆ ಒಂದು ತೆಳು ಸೀಟಿ, ಅದರ ಹಿಂದೆ ಇನ್ನೊಂದು, ನೋಡನೋಡುತ್ತ ಹತ್ತಾರು. “ಬಂತು ನೋಡು” ಎಂದು ಅವರು ಪಿಸುಗುಟ್ಟುತ್ತಿದ್ದರು, ಯಾವುದೋ ಹಕ್ಕಿ ಬಂದು ಕೂತಂತೆ.

ಕಥೆಗಳಲ್ಲಿ ಅವರಿಗೆ ಬಲು ಪ್ರಿಯವಾದದ್ದು ಆಸ್ಕರ್-1. ಸ್ಪುಟ್ನಿಕ್ ಹಾರಿ ಇನ್ನೂ ಐದು ವರ್ಷ ಆಗಿರಲಿಲ್ಲ; 1961ರ ಡಿಸೆಂಬರ್ 12ರಂದು ಹವ್ಯಾಸಿಗಳೇ ಕಟ್ಟಿದ ಉಪಗ್ರಹ ಕಕ್ಷೆಗೆ ಸೇರಿತು. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು, ಮೋರ್ಸಿನಲ್ಲಿ ‘ಹೈ’, ಅಂದರೆ ಎಚ್ ಮತ್ತು ಐ: ನಾಲ್ಕು ಡಿಟ್, ಎರಡು ಡಿಟ್. ಉಪಗ್ರಹದ ಉಷ್ಣತೆಗೆ ತಕ್ಕಂತೆ ಆ ‘ಹೈ’ ವೇಗ ಬದಲಾಗುತ್ತಿತ್ತು. ಕೆಳಗೆ ಹವ್ಯಾಸಿಗಳು ಗಡಿಯಾರ ಹಿಡಿದು ಎಣಿಸಿ, ಅದರ ಮೈ ಎಷ್ಟು ಬೆಚ್ಚಗಿದೆ ಎಂದು ಲೆಕ್ಕ ಹಾಕುತ್ತಿದ್ದರು. “ಏನು ಹೇಳಿತು ಅನ್ನೋದು ಎಲ್ಲರಿಗೂ ಗೊತ್ತಾಗುತ್ತೆ ಕಣಪ್ಪ, ಹೇಗೆ ಹೇಳಿತು ಅಂತ ಕೇಳಿಸ್ಕೊಂಡವನಿಗೆ ಅದರ ಆರೋಗ್ಯವೂ ಗೊತ್ತಾಗುತ್ತೆ” ಅನ್ನುತ್ತಿದ್ದರು ಸರ್.

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಲೈಸೆನ್ಸ್ ಬಂದು, ಕೈ ಪಳಗಿ, ನಿಮಿಷಕ್ಕೆ 20 ಪದದ ವೇಗ ಬಂದಿದ್ದ ದಿನಗಳು. ಒಂದು ಸಂಜೆ ಯಾರೋ ಹೊಸಬ ನಿಮಿಷಕ್ಕೆ 5 ಪದದಂತೆ, ತಡವರಿಸುತ್ತ, ಸಿ ಕ್ಯೂ ಕರೆಯುತ್ತಿದ್ದ. ನಾನು ಡಯಲ್ ಮುಂದಕ್ಕೆ ತಿರುಗಿಸಿದೆ. ಹಿಂದೆ ನಿಂತಿದ್ದ ಸರ್ ಏನೂ ಅನ್ನದೆ ನನ್ನ ಕೈ ಮೇಲೆ ಕೈ ಇಟ್ಟು ಡಯಲನ್ನು ವಾಪಸು ಅಲ್ಲಿಗೇ ತಂದರು. ನನ್ನನ್ನು ಎಬ್ಬಿಸಿ ತಾವು ಕೂತರು. ಅವರ ವೇಗ 25 ಪದ. ಅಂಥವರು ನಿಮಿಷಕ್ಕೆ 5 ಪದದಂತೆ, ಒಂದು ಅಕ್ಷರವನ್ನೂ ಅವಸರಿಸದೆ, ಅರ್ಧ ಗಂಟೆ ಅವನೊಡನೆ ಮಾತಾಡಿದರು. ಹೆಸರು, ಊರು, ಹವಾಮಾನ, ಇಷ್ಟಕ್ಕೇ ಅರ್ಧ ಗಂಟೆ. ಎದ್ದು ಬಂದು, “ಎಷ್ಟು ಹೊತ್ತಿನಿಂದ ಕೂಗ್ತಿದ್ನೋ ಪಾಪ” ಅಂದರು. ಬೈಗುಳ ಇಷ್ಟೇ. ನಿಧಾನವಾಗಿ ಕಳಿಸಿ ಎಂದು ಕೋರಲು ‘ಕ್ಯೂ ಆರ್ ಎಸ್’ ಎಂಬ ಸಂಕೇತ ಇದೆ. ಎದುರಿನವನು ಅದನ್ನು ಕಳಿಸುವಂತಾಯಿತು ಅಂದರೆ ತಪ್ಪು ನಮ್ಮದು ಎಂಬುದು ಅವರ ನಂಬಿಕೆ. ಅವನ ವೇಗ ಕೇಳಿಯೇ ನಾವು ಇಳಿದಿರಬೇಕಿತ್ತು.

ಹಾಗೆಂದು ಹುಸಿ ಹೊಗಳಿಕೆ ಅವರಿಂದ ಬರುತ್ತಿರಲಿಲ್ಲ. ಸಂಕೇತ ಹೇಗೆ ಕೇಳುತ್ತಿದೆ ಎಂದು, ಸ್ಪಷ್ಟತೆ, ಬಲ, ಸ್ವರಕ್ಕೆ ಒಂದೊಂದು ಅಂಕಿಯಂತೆ, ತಿಳಿಸುವ ವರದಿಯಲ್ಲಿ ಬಹಳ ಮಂದಿ ಕಣ್ಣು ಮುಚ್ಚಿ ‘599’ ಕೊಡುತ್ತಾರೆ, ಎಲ್ಲವೂ ಪರಿಪೂರ್ಣ ಎಂದು. ನಾನೇ ಬೆಸುಗೆ ಹಾಕಿ ಕಟ್ಟಿದ ಟ್ರಾನ್ಸ್‌ಮಿಟರಿನಿಂದ, ನನ್ನ ಮನೆಯಿಂದ, ಮೊದಲ ಸಲ ಸರ್ ಅವರನ್ನು ಕರೆದ ದಿನ ಅವರು ಕೊಟ್ಟದ್ದು ‘586’, ಜೊತೆಗೆ ಒಂದು ‘ಸಿ’. ಸಿ ಅಂದರೆ ಚರ್ಪ್, ಕೀ ಒತ್ತಿದಾಗಲೆಲ್ಲ ಸ್ವರ ಹಕ್ಕಿಯ ಚಿಲಿಪಿಲಿಯಂತೆ ಜಾರುತ್ತದೆ ಎಂದು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಲ್ಯಾಬಿಗೆ ಹೋದರೆ ಮೇಜಿನ ಮೇಲೆ ಒಂದು ಝೀನರ್ ಡಯೋಡ್, ಒಂದು ರೆಸಿಸ್ಟರ್, ಪೆನ್ಸಿಲ್ಲಿನಲ್ಲಿ ಬರೆದ ಸರ್ಕ್ಯೂಟ್. ಕೀ ಒತ್ತಿದಾಗ ವೋಲ್ಟೇಜ್ ಕುಸಿದು ಆಸಿಲೇಟರಿನ ಆವರ್ತನ ಜಾರುತ್ತಿತ್ತು; ಆಸಿಲೇಟರಿಗೆ ಮಾತ್ರ ಬೇರೆಯಾಗಿ ಸ್ಥಿರ ವೋಲ್ಟೇಜ್ ಕೊಟ್ಟರೆ ಸರಿಹೋಗುತ್ತದೆ ಎಂದು ತೋರಿಸಿಕೊಟ್ಟರು. ಸರಿಹೋಯಿತು.

ಕೊನೆಯ ಕೆಲವು ವರ್ಷ ಅವರ ಕೈ ನಡುಗುತ್ತಿತ್ತು. ಅವರು ಯಾರಿಗೂ ಹೇಳಿರಲಿಲ್ಲ, ಆದರೆ ಬ್ಯಾಂಡಿಗೆ ಗೊತ್ತಾಯಿತು. ಒಂದು ಡಿಟ್ ಎರಡಾಗುತ್ತಿತ್ತು, ‘ಐ’ ಹೋಗಿ ‘ಎಸ್’ ಆಗುತ್ತಿತ್ತು. 25 ಪದ 15 ಆಯಿತು, ಆಮೇಲೆ 8. ಆಸ್ಕರ್-1ರ ಆ ಮಾತು ನನಗೆ ಆಗ ಪದೇ ಪದೇ ನೆನಪಾಗುತ್ತಿತ್ತು. ದಿನಾ ಸಂಜೆ ಸೇರುತ್ತಿದ್ದ ಬಳಗದಲ್ಲಿ ಮಿಂಚಿನಂತೆ ಕಳಿಸುವ ಘಟಾನುಘಟಿಗಳಿದ್ದರು. ಯಾರೂ ಈ ವಿಷಯ ಎತ್ತಲಿಲ್ಲ, ಯಾರೂ ಯಾರಿಗೂ ಸೂಚನೆ ಕೊಡಲಿಲ್ಲ. ಸರ್ ಬಂದ ಕೂಡಲೇ ಒಬ್ಬೊಬ್ಬರಾಗಿ 8 ಪದಕ್ಕೆ ಇಳಿಯುತ್ತಿದ್ದರು, ಅಷ್ಟೇ. ಅವರು ಒಮ್ಮೆಯೂ ಕ್ಯೂ ಆರ್ ಎಸ್ ಕಳಿಸಬೇಕಾಗಿ ಬರಲಿಲ್ಲ.

ಅವರು ಹೋದ ಮೇಲೆ ಅವರ ಮಗಳು ಲಾಗ್‌ಬುಕ್ಕುಗಳನ್ನು ನಮ್ಮ ಕೈಗೆ ಕೊಟ್ಟರು. ಪ್ರತಿ ಸಂಪರ್ಕಕ್ಕೂ ದಿನಾಂಕ, ಸಮಯ, ಆವರ್ತನ, ವರದಿ ಬರೆದು ಅಂಚೆಯಲ್ಲಿ ಕಳಿಸುವ ಕ್ಯೂ ಎಸ್ ಎಲ್ ಕಾರ್ಡುಗಳನ್ನು ಅವರು ಎಂದೂ ಬಾಕಿ ಉಳಿಸಿಕೊಂಡವರಲ್ಲ. ಕೈ ನಡುಗಲು ಶುರುವಾದ ಮೇಲೆ ಮಾತ್ರ ಉಳಿದಿದ್ದವು. ನಾವು ಮೂವರು ಹಳೆಯ ವಿದ್ಯಾರ್ಥಿಗಳು ಅದೇ ಲ್ಯಾಬಿನ ಅದೇ ಮೇಜಿನ ಸುತ್ತ ಒಂದು ಭಾನುವಾರ ಪೂರ್ತಿ ಕೂತು ಅವನ್ನು ಬರೆದೆವು. ಅವರು ಲಾಗ್‌ನಲ್ಲಿ 459 ಬರೆದಿದ್ದರೆ ಕಾರ್ಡಿನಲ್ಲೂ 459. ಒಂದು ಅಂಕಿಯನ್ನೂ ಏರಿಸಲಿಲ್ಲ.

ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಒಂದು ಕಾಲ್ ಸೈನ್ ಇತ್ತು, ಅವರು ಕೊಟ್ಟ ವರದಿ ಇತ್ತು. ಅತ್ತಲಿಂದ ಬಂದ ವರದಿಯ ಕಾಲಂ ಖಾಲಿ. ಬ್ಯಾಂಡ್ ಮುಚ್ಚಿತೋ, ಅವರಿಗೆ ದಣಿವಾಯಿತೋ. ನಮ್ಮಲ್ಲೊಬ್ಬಳು ಪೆನ್ ಹಿಡಿದು ನನ್ನ ಮುಖ ನೋಡಿದಳು. ಎರಡೂ ಕಡೆಯ ವರದಿ ಮುಟ್ಟದ ಹೊರತು ಸಂಪರ್ಕ ಪೂರ್ತಿಯಾದಂತಲ್ಲ, ಅದಕ್ಕೆ ಕಾರ್ಡ್ ಬರೆಯಕೂಡದು ಎಂದು ನಮಗೆ ಕಲಿಸಿದವರು ಅವರೇ. ಆ ಸಾಲಿಗೆ ನಾವು ಕಾರ್ಡ್ ಬರೆಯಲಿಲ್ಲ.