ಬಿಟ್ಟ ಕೂಲಿ

14 ಜೂನ್ 2025, ಶನಿವಾರ

ಹತ್ತು ಗಂಟೆಗೆ ಸಭೆ ಅಂದಿದ್ದೆವು. ಗುಡಿ ಜಗಲಿ ಮೇಲೆ ಎಲ್ಲರೂ ಸೇರುವಾಗ ಹನ್ನೊಂದು ಕಾಲು. ನಮ್ಮ ಗುಂಪಿಗೆ ಕಚೇರಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ನೋಂದಣಿಯೂ ಆಗಿಲ್ಲ. ಇರುವುದು ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಹೆಬ್ಬೆಟ್ಟಿಗೆ ಒಂದು ಇಂಕ್ ಪ್ಯಾಡು. ಉದ್ಯೋಗ ಖಾತ್ರಿ (ನರೇಗಾ) ಕೆಲಸಕ್ಕೆ ಅರ್ಜಿ ಹಾಕಿಸುವುದು, ಕೂಲಿ ಬರದಿದ್ದರೆ ಬೆನ್ನು ಹತ್ತುವುದು, ಇಷ್ಟೇ ನಾವು ಮಾಡುವುದು.

ಕೂತ ತಕ್ಷಣ ನಮ್ಮ ಗುಂಪಿನ ಅಕ್ಕ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಕಾಗದ ತೆಗೆದರು. ಬೆವರಿಗೆ ನೇರಳೆ ಸೀಲು ಸ್ವಲ್ಪ ಹರಡಿತ್ತು, ತಾರೀಖು ಮಾತ್ರ ಸ್ಪಷ್ಟ: 9-6-2025. ನಮೂನೆ 6ರ, ಅಂದರೆ ಕೆಲಸ ಕೇಳುವ ಅರ್ಜಿಯ, ಸ್ವೀಕೃತಿ! ಹನ್ನೊಂದು ಜನರದ್ದು.

ಈ ಚೀಟಿಗಾಗಿ ಮೂರು ಸಲ ಪಂಚಾಯಿತಿಗೆ ಹೋಗಿದ್ದೇವೆ. ಮೊದಲೆರಡು ಸಲ "ಅರ್ಜಿ ಬಿಟ್ಟು ಹೋಗಿ, ನೋಡೋಣ" ಅಂದರು. ಸೀಲು ಹಾಕಲು ಯಾಕಿಷ್ಟು ಹಿಂಜರಿಕೆ ಅಂದರೆ, ಸ್ವೀಕೃತಿಯ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡಬೇಕು. ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನ ಕೂಲಿಯ ಕಾಲು ಭಾಗವಾದರೂ. ತಾರೀಖೇ ಇಲ್ಲದಿದ್ದರೆ 15 ದಿನವನ್ನು ಎಲ್ಲಿಂದ ಎಣಿಸುವುದು? ಸೋಮವಾರ ಅಕ್ಕ ಮತ್ತಿಬ್ಬರು "ಚೀಟಿ ಕೊಡೋ ತನಕ ಇಲ್ಲೇ ಕೂತಿರ್ತೀವಿ ಸಾರ್" ಅಂತ ಮಧ್ಯಾಹ್ನ ಮೂರರವರೆಗೆ ಮೆಟ್ಟಿಲ ಮೇಲೆ ಕೂತರಂತೆ.

ಎರಡು ವರ್ಷದ ಹಿಂದೆ ಹೀಗೆ ಮೂರು ಸಲ ಹೋಗುವುದು ನಮ್ಮ ಕೈಲಿ ಆಗುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಶೂನ್ಯ ಟಿಕೆಟ್ ಹಿಡಿದು ತಾಲ್ಲೂಕಿಗೂ ಹೋಗುತ್ತಾರೆ, ಜಿಲ್ಲಾ ಪಂಚಾಯಿತಿಗೂ ಹೋಗುತ್ತಾರೆ. ಮೊದಲು ಬಸ್ ಚಾರ್ಜಿಗೆ ದುಡ್ಡಿದ್ದ ಗಂಡಸರೇ ಗುಂಪಿನ ಪರವಾಗಿ ಮಾತಾಡುತ್ತಿದ್ದರು. ಈಗ ಅಕ್ಕನೇ ಮುಂದೆ ನಿಂತು ಮಾತಾಡುತ್ತಾರೆ, ನಾನು ಹಿಂದೆ ಕಾಗದ ಹಿಡಿದಿರುತ್ತೇನೆ. ಇದು ನನಗೆ ತುಂಬಾ ಸಂತೋಷದ ವಿಷಯ.

ಆಮೇಲೆ ದುಡ್ಡಿನ ಮಾತು ಬಂತು. ಊರಿನ ಗುತ್ತಿಗೆದಾರರೊಬ್ಬರು ಐದು ಸಾವಿರ ಕೊಡುತ್ತಾರಂತೆ, ಬ್ಯಾನರ್ ಮಾಡಿಸಿಕೊಳ್ಳಿ ಅಂದರಂತೆ. "ತಗೊಂಡರೆ ತಪ್ಪೇನಣ್ಣ? ಜೆರಾಕ್ಸ್ ಖರ್ಚಾದರೂ ಕಳೀತದೆ" ಅಂತ ಒಬ್ಬ ಹುಡುಗ ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ, ಹೋದ ತಿಂಗಳು ಜೆರಾಕ್ಸ್ ಸಾಲ ತೀರಿಸಿದವನೇ ಅವನು. ಆದರೆ ನರೇಗಾದಲ್ಲಿ ಗುತ್ತಿಗೆದಾರರಿಗೆ ಜಾಗವೇ ಇಲ್ಲ ಎನ್ನುತ್ತದೆ ಕಾನೂನು. ಅವರ ದುಡ್ಡಲ್ಲಿ ಬ್ಯಾನರ್ ಕಟ್ಟಿದ ಮೇಲೆ, ಕೆರೆ ಹೂಳೆತ್ತಲು ನಮ್ಮ ಬದಲು ಜೆಸಿಬಿ ಇಳಿದ ದಿನ ನಾವು ಯಾವ ಬಾಯಲ್ಲಿ ಕೇಳುವುದು? ಬೇಡ ಅಂದೆವು. ಅಕ್ಕ ಎಲ್ಲರಿಗಿಂತ ಮೊದಲು ಬೇಡ ಅಂದರು.

ಲೆಕ್ಕ ಬರೆಯಲು ಕೂತೆ. ಜೆರಾಕ್ಸ್ 44 ರೂಪಾಯಿ, ಟೀ 60. ಇಷ್ಟೇ ಅಂದುಕೊಂಡು ಗೆರೆ ಎಳೆಯುವಾಗ ಅಕ್ಕನ ಕೈ ಕಣ್ಣಿಗೆ ಬಿತ್ತು. ಬಿತ್ತನೆಗೆ ಕಡಲೆಕಾಯಿ ಸುಲಿದು ಸುಲಿದು ಹೆಬ್ಬೆರಳ ತುದಿ ಒಡೆದಿದೆ. "ಸೋಮವಾರ ಸುಲಿಯೋಕೆ ಹೋಗಲಿಲ್ವಾ ಅಕ್ಕ?" ಅಂದೆ. "ಎಲ್ಲಿ ಹೋಗ್ಲಪ್ಪ, ಪಂಚಾಯ್ತಿ ಹತ್ರ ಕೂತಿದ್ನಲ್ಲ" ಅಂದರು. ಈ ವರ್ಷ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲೇ ಹಿಡಿದರೂ ಮೂವರದ್ದು 1,110 ಆಗುತ್ತದೆ. ಅದೂ ಒಂದೇ ದಿನಕ್ಕೆ. ನಾಲ್ಕು ವರ್ಷದಿಂದ "ನಮ್ಮದು ದುಡ್ಡಿಲ್ಲದ ಗುಂಪು" ಅಂತ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಅಷ್ಟೂ ವರ್ಷ ಖರ್ಚು ಭರಿಸಿದವರ ಹೆಸರು ನಮ್ಮ ನೋಟ್‌ಬುಕ್ಕಿನಲ್ಲಿಲ್ಲ.

ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದು ಮೇಲೆ "ಬಿಟ್ಟ ಕೂಲಿ" ಅಂತ ಬರೆದೆ. ಮೂವರ ಹೆಸರು, ತಾರೀಖು, ಮೊತ್ತ. ಮುಂದಿನ ಸಲ ಹೋಗುವ ಸರದಿ ನನ್ನದು ಮತ್ತು ಆ ಹುಡುಗನದ್ದು. ಸಂಬಳದ ರಜೆ ಇರುವವರು ನಾವಿಬ್ಬರೇ. 24ನೇ ತಾರೀಖಿನೊಳಗೆ ಕೆಲಸ ಕೊಡದಿದ್ದರೆ ಭತ್ಯೆಗೆ ಅರ್ಜಿ. ಸ್ವೀಕೃತಿಯ ಹನ್ನೊಂದು ಪ್ರತಿ ಮಾಡಿಸಿ, ಮೂಲವನ್ನು ಮಡಿಸಿ ಅಕ್ಕನ ಕೈಗೇ ಕೊಟ್ಟೆ. ಅವರು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು.